ಕುಣಿಗಲ್ಲಿನಲ್ಲಿ ಮಾವನ ವಾಚು ಹರಾಜಾದ ದಿನ

ಎಂಬತ್ತರ ದಶಕದಲ್ಲಿ ನಾನು ತುಮಕೂರಿನ ಒಂದು ಗಡಿಯಾರ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಅವ್ವ ನನ್ನ ಕೆಲಸಕ್ಕಾಗಿಯೇ ಗುಬ್ಬಿಯ ಮನೆ ಬಿಟ್ಟು ಬಂದು ಜೊತೆಗಿದ್ದಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ಡಯಲ್ಲಿಗೆ ಮುಳ್ಳು ಕೂರಿಸುವುದು ನನ್ನ ಕೆಲಸ. ಕೂದಲೆಳೆಯಷ್ಟು ಗೀರು ಕಂಡರೂ ಆ ವಾಚನ್ನು ಪಕ್ಕಕ್ಕಿಡಬೇಕು. ಹೊಸದಾಗಿ ಹೊಳೆಯುವುದೇ ಒಳ್ಳೆಯ ವಾಚು ಎಂದು ನಂಬಿದ್ದೆ.

ಕುಣಿಗಲ್ಲಿನ ನನ್ನ ಸೋದರಮಾವ ನಾನು ವಾಚಿನ ಕೆಲಸದವಳೆಂದೇ ತನ್ನ ವಾಚನ್ನು ನನ್ನ ಕೈಗೆ ಕೊಟ್ಟ. ಅವನು ಹುಡುಗನಾಗಿದ್ದಾಗಿನಿಂದ ಅಲ್ಲಿಯ ಕುದುರೆ ಫಾರಮ್ಮಿನಲ್ಲಿ ಕುದುರೆ ನೋಡಿಕೊಂಡವನು. ಸ್ವಾತಂತ್ರ್ಯ ಬರುವ ಹೊತ್ತಿಗೆ ತನ್ನ ದೇಶಕ್ಕೆ ಹೊರಟ ಬಿಳಿಯ ಅಧಿಕಾರಿಯೊಬ್ಬ, ಕಾಯಿಲೆ ಬಿದ್ದ ಕುದುರೆಯನ್ನು ಉಳಿಸಿಕೊಟ್ಟದ್ದಕ್ಕೆ, ಬೆಳ್ಳಿ ಕೇಸಿನ ತನ್ನ ಸ್ವಿಸ್ ವಾಚಿನ ಬೆನ್ನಿಗೆ ಎರಡು ಸಾಲು ಇಂಗ್ಲಿಷ್ ಕೆತ್ತಿಸಿ ಅವನಿಗೆ ಕೊಟ್ಟಿದ್ದ. ಈಗ ಕುಣಿಗಲ್ಲಿನ ಹಳೆಯ ಬಂಗಲೆಯೊಂದರ ಸಾಮಾನು ಹರಾಜಿಗೆ ಬಂದಿತ್ತು. ಊರವರ ಹಳೆಯ ವಸ್ತುಗಳನ್ನೂ ಸೇರಿಸಿಕೊಳ್ಳುತ್ತೇವೆ ಎಂದು ಬೆಂಗಳೂರಿನ ಹರಾಜಿನವರು ಹೇಳಿದ್ದರು. ಮಾವನಿಗೆ ಮಗಳ ಟೀಚರ್ ಟ್ರೈನಿಂಗಿಗೆ ಹಣ ಬೇಕಿತ್ತು.

"ನಿಂತೋಗದೆ. ಒಸಿ ಓಡೋ ಅಂಗೆ ಮಾಡ್ಕೊಡವ್ವ, ಅಷ್ಟೇ ಸಾಕು" ಅಂದ.

ಅಷ್ಟಕ್ಕೇ ನಾನು ಬಿಡಲಿಲ್ಲ. ಎಣ್ಣೆ ಹಾಕಿ ಓಡಿಸಿದ ಮೇಲೆ, ತುಕ್ಕು ಚುಕ್ಕೆಯಿದ್ದ ನೀಲಿ ಮುಳ್ಳುಗಳನ್ನು ಕಿತ್ತು ಹೊಸವನ್ನು ಕೂರಿಸಿದೆ. ತುಮಕೂರಿನ ಚಿಕ್ಕಪೇಟೆಯ ಬೆಳ್ಳಿ ಕೆಲಸದವರ ಹತ್ತಿರ ಕೇಸನ್ನು ಉಜ್ಜಿಸಿ ಪಾಲಿಶ್ ಮಾಡಿಸಿದೆ. ಹಳದಿಗಟ್ಟಿದ ಡಯಲ್ಲನ್ನೂ ಬದಲಾಯಿಸುವ ಆಸೆಯಿತ್ತು. ಆ ಅಳತೆಯದು ಸಿಗಲಿಲ್ಲ.

ಹರಾಜಿನ ದಿನ, ಭಾನುವಾರ ಬೆಳಿಗ್ಗೆ, ಬಂಗಲೆಯ ಜಗುಲಿಯಲ್ಲಿ ವಾಚನ್ನು ಮಾವನ ಕೈಗಿಟ್ಟೆ. ಅವನು ಮುಂದಿನ ಭಾಗವನ್ನು ನೋಡಲೇ ಇಲ್ಲ. ಹೆಬ್ಬೆರಳಿನಿಂದ ಬೆನ್ನನ್ನು ಸವರಿದ. ಇನ್ನೊಮ್ಮೆ ಸವರಿದ. ನನಗೇ ವಾಪಸು ಕೊಟ್ಟ.

ಬೆಲೆ ಕಟ್ಟಲು ಬಂದಿದ್ದ ಹಿರಿಯರು ಮಸೂರ ಹಿಡಿದು ಬಹಳ ಹೊತ್ತು ನೋಡಿದರು.

"ಈ ಮುಳ್ಳು ಈ ವಾಚಿಂದಲ್ಲ. ಯಾರಮ್ಮ ಹಾಕಿದ್ದು?"

"ನಾನೇ ಸಾರ್. ಹಳೇದು ತುಕ್ಕು ಹಿಡಿದಿತ್ತು."

"ಹಿಡಿದಿರ್ಲಿ, ಅದು ಇದರದ್ದೇ ಅಲ್ವಾ? ಕೇಸು ಬೇರೆ ಉಜ್ಜಿಸಿದೀರ. ನೋಡಿ, ಅಕ್ಷರ ಅರ್ಧ ಹೋಗಿದೆ. ಹೋದ ಬೆಳ್ಳಿ ವಾಪಸ್ ಬರುತ್ತಾ?"

ಅವರು ಬಂಗಲೆಯದೇ ಇನ್ನೊಂದು ವಾಚನ್ನು ತೋರಿಸಿದರು. ಅದೇ ಕಾಲದ್ದು. ಮೈತುಂಬ ಗೀರು, ಒಡೆದ ಚರ್ಮದ ಪಟ್ಟಿ. ನನ್ನ ಕಾರ್ಖಾನೆಯಲ್ಲಾಗಿದ್ದರೆ ಅದನ್ನು ಯಾರೂ ಮೂಸುತ್ತಿರಲಿಲ್ಲ.

"ಇದನ್ನ ಯಾರೂ ಮುಟ್ಟಿಲ್ಲ. ಇದಕ್ಕೆ ಜನ ಬಡಿದಾಡ್ತಾರೆ. ಒಂದು ಭಾಗ ಬದಲಾಗಿದೆ ಅಂದ್ರೆ ಕೊಳ್ಳೋರಿಗೆ ಎಲ್ಲದರ ಮೇಲೂ ಅನುಮಾನ. ನಿಮ್ಮದರ ಡಯಲ್ ಮಾತ್ರ ಉಳಿದಿದೆ. ಹಳೇ ಮುಳ್ಳು ಎಲ್ಲಿ?"

"ತುಮಕೂರಲ್ಲಿ."

"ವಾಚುಗಳ ಹರಾಜು ಎರಡು ಗಂಟೆಗೆ. ಅಷ್ಟರೊಳಗೆ ತಂದು ಹಾಕಿ."

ಒಂಬತ್ತು ದಾಟಿತ್ತು. ವಾಚನ್ನು ಮಾವನ ಕೈಗೆ ಕೊಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ. ದಾರಿಯುದ್ದಕ್ಕೂ ಕೈ ಎತ್ತಿದವರಿಗೆಲ್ಲ ಬಸ್ಸು ನಿಂತಿತು. ತುಮಕೂರಿನ ಮನೆ ಸೇರಿದಾಗ ಹನ್ನೊಂದು. ಮುಳ್ಳುಗಳನ್ನು ಕಾಗದದಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಹಾಕಿ ಗೂಡಿನಲ್ಲಿಟ್ಟಿದ್ದೆ. ಗೂಡು ಬರಿದಾಗಿತ್ತು.

"ಅವ್ವಾ, ಇಲ್ಲಿದ್ದ ಬೆಂಕಿಪೊಟ್ಟಣ?"

"ಒಲೆ ಹಚ್ಚೋಕೆ ತಗಂಡೆ ಕಣೇ. ಕಡ್ಡೀನೇ ಇರ್ಲಿಲ್ಲ, ಬಿಸಾಕ್ದೆ."

ಹಿತ್ತಲಿನ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದೆ. ಸೊಪ್ಪಿನ ಕಡ್ಡಿ, ಕಾಫಿ ಚರಟ, ಬೂದಿ. ಪೊಟ್ಟಣ ಸಿಕ್ಕಿತು, ಆದರೆ ಅರ್ಧ ತೆರೆದಿತ್ತು. ಕಾಗದದಲ್ಲಿ ಗಂಟೆ ಮುಳ್ಳು, ನಿಮಿಷದ ಮುಳ್ಳು ಇದ್ದವು. ಅಕ್ಕಿನುಚ್ಚಿನಷ್ಟಿದ್ದ ಸೆಕೆಂಡಿನ ಮುಳ್ಳು ಇರಲಿಲ್ಲ. ಭೂತಗನ್ನಡಿ ಹಾಕಿಕೊಂಡು ಬೂದಿಯಲ್ಲಿ ಹುಡುಕಿದೆ. ಅವ್ವನೂ ಕೂತು ಬೆರಳಾಡಿಸಿದಳು. ಹನ್ನೊಂದೂಮುಕ್ಕಾಲಿಗೆ ಕೈಬಿಟ್ಟೆ. ಚಿಮಟ ಮತ್ತು ಮುಳ್ಳು ಕೀಳುವ ಸಾಧನವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ವಾಪಸು ಬರುವಾಗ ಬಸ್ಸಿನ ಟೈರು ಪಂಚರ್ ಆಯಿತು. ಬಂಗಲೆಗೆ ಕಾಲಿಟ್ಟಾಗ ಎರಡಕ್ಕೆ ಹತ್ತು ನಿಮಿಷ. ಒಳಗೆ ಕುರ್ಚಿ ಮೇಜುಗಳ ಹರಾಜು ಕೂಗು ಮುಗಿಯುತ್ತಿತ್ತು.

ಜಗುಲಿಯ ಕಟ್ಟೆಯ ಮೇಲೆ ಕರವಸ್ತ್ರ ಹಾಸಿ ಕೂತೆ. ಕಾರ್ಖಾನೆಯಲ್ಲಿ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸ. ಆ ದಿನ ಎರಡು ಸಲ ಚಿಮಟ ಎತ್ತಿ ಕೆಳಗಿಟ್ಟೆ. ಚಿಮಟ ಜಾರಿದರೆ ಉಳಿದಿದ್ದ ಆ ಒಂದು ಡಯಲ್ಲೂ ಹೋಯಿತು. ಮಾವ ಬಿಸಿಲಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು ನಿಂತ.

"ಮೊದ್ಲು ಉಸ್ರು ತಗೋ. ಬೆದರಿದ ಕುದ್ರೆ ಹತ್ರ ಹೋಗ್ಬೇಕಾದ್ರೂ ಅಷ್ಟೇಯ" ಅಂದ.

ಗಂಟೆ ಮುಳ್ಳು ಕೂರಿಸಿ, ಉಸಿರು ಬಿಗಿಹಿಡಿದು ನಿಮಿಷದ ಮುಳ್ಳನ್ನು ಒತ್ತಿದೆ. ಕೂತಿತು.

ಹಿರಿಯರು ಬಂದು ನೋಡಿದರು. "ಎರಡು ಸರಿ. ಸೆಕೆಂಡಿಂದು ಹೊಸದು. ಜನಕ್ಕೆ ಏನು ಹೇಳ್ಲಿ?"

ಕೇಸು ಉಜ್ಜಿದ ವಿಷಯ ಹೇಳದಿದ್ದರೆ ಹಿಂದಿನ ಸಾಲಿನಲ್ಲಿ ಕೂತು ಹರಾಜು ಕೂಗುವವರಿಗೆ ಗೊತ್ತಾಗಲಿಕ್ಕಿಲ್ಲ ಎಂಬ ಆಸೆ ನನ್ನೊಳಗೆ ಸುಳಿದಿತ್ತು. ನಾನು ಬಾಯಿ ತೆರೆಯುವುದರೊಳಗೆ ಮಾವನೇ ಉತ್ತರಿಸಿದ:

"ಇರೋದ್ನ ಇದ್ದಂಗೇ ಯೋಳ್ಬುಡಿ ಸ್ವಾಮಿ. ಉಜ್ಜಿರೋದೂ ಸೇರಿ."

ಹಾಗೆಯೇ ಹೇಳಿದರು. ಮೊದಲು ಬಂಗಲೆಯ ವಾಚಿಗೆ ನಾಲ್ಕು ಕೈಗಳು ಒಂದರ ಮೇಲೊಂದು ಏಳುತ್ತಲೇ ಹೋದವು. ನಮ್ಮದಕ್ಕೆ ಎರಡು ಕೈ. ನಡುವೆ ಒಂದು ಇಳಿದೇಬಿಟ್ಟಿತು. ಸುತ್ತಿಗೆ ಬಿದ್ದಾಗ ನಿಂತ ಬೆಲೆ ಆ ಗೀರುಬಿದ್ದ ವಾಚಿನ ಅರ್ಧಕ್ಕಿಂತ ತುಸು ಹೆಚ್ಚು. ಕೊಂಡವರು ಡಯಲ್ಲನ್ನೂ ನೀಲಿ ಮುಳ್ಳನ್ನೂ ನೋಡಿ ತಲೆದೂಗಿದರು, ಬೆನ್ನು ತಿರುಗಿಸಿ ನೋಡಿ ತುಟಿ ಕಚ್ಚಿದರು.

ಮಾವನ ಮಗಳ ಟ್ರೈನಿಂಗಿನ ಮೊದಲ ವರ್ಷಕ್ಕೆ ಸಾಕಾಗುವಷ್ಟು ಬಂದಿತ್ತು, ನಾನು ಕೈಯಿಡದಿದ್ದರೆ ಎರಡೂ ವರ್ಷಕ್ಕೆ ಆಗುತ್ತಿತ್ತು. ಕೆರೆಯ ಕಡೆಯಿಂದ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನನಗೆ ಅಳು ತಡೆಯಲಾಗಲಿಲ್ಲ.

"ತಪ್ಪಾಯ್ತು ಮಾವ."

ಅವನು ನನ್ನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡ.

"ಓಡೋಗಿ ಮುಳ್ಳು ತಂದ್ಯಲ್ಲ, ಒಳ್ಳೇದಾಯ್ತು. ಉಜ್ಜಿಸೋಕೆ ಮುಂಚೆ ನನ್ನ ಒಂದ್ ಮಾತು ಕೇಳ್ಬೋದಿತ್ತು ಕಣವ್ವ."

ಬಸ್ಸು ಬಂದಾಗ ಅವನೇ ಮುಂದೆ ನುಗ್ಗಿ ನನಗೆ ಸೀಟು ಹಿಡಿದುಕೊಟ್ಟ. ಆಮೇಲೆ ಎಂದೂ ಅವನು ಆ ಮಾತೆತ್ತಲಿಲ್ಲ. ಅವ್ವನಿಗೆ ನಾನೇ ಎಲ್ಲವನ್ನೂ ಹೇಳಿದೆ, ಉಜ್ಜಿಸಿದ್ದೂ ಸೇರಿ.