ಹೊಕ್ಕಳ ನೇರದ ಅಳತೆ

ಗಂಗಾಧರ, ಶೈಲಜ ನಿನಗೆ ಮೋಸ ಮಾಡಲಿಲ್ಲ. ಮಾಡಿದವನು ನಾನು. ಆರು ವರ್ಷದಿಂದ ನಿನ್ನ ಎದುರು ಕೂತು ಕಾಫಿ ಕುಡಿಯುತ್ತಲೇ ಇದನ್ನು ಮುಚ್ಚಿಟ್ಟಿದ್ದೇನೆ.

ನಿನ್ನ ಮದುವೆಯ ಪ್ಯಾಂಟಿನಿಂದ ಹಿಡಿದು ನಿನ್ನ ಬಟ್ಟೆಯೆಲ್ಲ ಹೊಲಿದವನು ನಾನೇ. ನೀನು ಮಗ್ಗ ಬಿಟ್ಟು ಸೀರೆ ಮಡಿಸಲು ಕೂತ ಮೇಲೆ ಕೈಕಾಲು ಹಾಗೇ ಸಣ್ಣಗಿದ್ದವು, ಹೊಟ್ಟೆ ಮಾತ್ರ ಮುಂದೆ ಬಂತು. ಪ್ರತಿ ಸಲವೂ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇನ್ನಷ್ಟು ಇಳಿಸಿ ಹೊಲಿದೆ. ಅಲ್ಲಿ ಅಳೆದರೆ ಮೂವತ್ತನಾಲ್ಕೇ. "ಇವತ್ತಿಗೂ ಮದುವೆ ಗಂಡಿನ ಅಳತೆ ಕಣ್ರೋ!" ಎಂದು ನೀನು ಮಗ್ಗದ ಮನೆಯಲ್ಲೆಲ್ಲ ಹೇಳಿಕೊಂಡು ಬಂದೆ. ಅದನ್ನು ಕೇಳಿ ದೊಡ್ಡಬಳ್ಳಾಪುರದ ಅರ್ಧ ಬೀದಿ ನನ್ನ ಅಂಗಡಿಗೆ ಬಂತು. ಶರ್ಟಿಗೆಂದು ಹೊಟ್ಟೆ ಅಳೆದರೆ ಮೂವತ್ತೊಂಬತ್ತು. ಅದನ್ನು ನಾನು ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಆರು ವರ್ಷದ ಹಿಂದೆ ಒಂದು ದಿನ ಶೈಲಜ — ನಮ್ಮ ಬೀದಿಯ ಆಶಾ ಕಾರ್ಯಕರ್ತೆ — ಮಗ್ಗದ ಮನೆಗೆ ಬಂದು ಎಲ್ಲರನ್ನೂ ಅಳೆಯುತ್ತಿದ್ದಳು. ಹೊಲಿದ ಬಟ್ಟೆ ಕೊಡಲು ನಾನೂ ಬಂದಿದ್ದೆ.

"ಅಣ್ಣ, ತೂಕ ಸರಿಗೈತೆ. ಆದ್ರೆ ಸಣ್ಣಗಿರೋರ್ಗೂ ಹೊಟ್ಟೆ ಬೊಜ್ಜಿದ್ರೆ ಶುಗರ್ ಬರ್ತದೆ. ಹೊಕ್ಕಳ ನೇರಕ್ಕೆ ಅಳೀಬೇಕು, ಶರ್ಟ್ ಎತ್ತಿ."

ನೀನು ನಾಚಿಕೊಂಡು ನಕ್ಕೆ. "ಎಲ್ಲಾರ ಮುಂದೆ ಹೊಟ್ಟೆ ತೋರ್ಸಕ್ಕೆ ನಾನೇನು ಗಣಪತಿನಾ? ಲೇ ನಾಗರಾಜ, ನನ್ನ ಅಳತೆ ನಿಂಗೆ ಬಾಯಿಪಾಠ. ಹೇಳೋ."

ಅವಳು ಕೇಳಿದ್ದು ಯಾವ ಅಳತೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸುತ್ತ ನನ್ನ ಗಿರಾಕಿಗಳು. ನಿಜ ಹೇಳಿದರೆ ನಿನಗಿಂತ ಮೊದಲು ನನ್ನ ಹೆಸರು ಕೆಡುತ್ತದೆ — ಅಷ್ಟೇ ಯೋಚಿಸಿದ್ದು.

"ಮೂವತ್ನಾಲ್ಕು ಕಣಮ್ಮ."

ವಯಸ್ಸಾದ ಟೈಲರ್ ಮಾತು ಎಂದು ನಂಬಿ ಬರೆದುಕೊಂಡಳು. ಮೂವತ್ತೈದೂವರೆ ದಾಟಿದವರನ್ನೆಲ್ಲ ರಕ್ತ ಪರೀಕ್ಷೆಗೆ ಕಳಿಸಿದಳು. ನಾನು ಹೊಲಿದ ಸಡಿಲ ಶರ್ಟಿನೊಳಗೆ ನೀನೊಬ್ಬ ಪರೀಕ್ಷೆಯಿಲ್ಲದೆ ಉಳಿದುಕೊಂಡೆ.

ನಾಲ್ಕು ವರ್ಷದ ಮೇಲೆ, ಚಪ್ಪಲಿ ಕಚ್ಚಿದ ಗಾಯ ಮಾಯಲಿಲ್ಲ. ಎಡಗಾಲಿನ ಎರಡು ಬೆರಳು ತೆಗೆದರು. ಶುಗರ್ ಹಳೆಯದು, ಮೊದಲೇ ಗೊತ್ತಾಗಿದ್ದರೆ ಬೆರಳು ಉಳಿಯಬಹುದಿತ್ತು ಎಂದರು ಡಾಕ್ಟರು. ಆಸ್ಪತ್ರೆಯಿಂದ ಬಂದ ದಿನ, ನೋಡಲು ಬಂದ ಶೈಲಜಳನ್ನು ನೀನು ಬಾಗಿಲಲ್ಲೇ ತಡೆದೆ.

"ಎಲ್ಲಾರ್ನೂ ಕಳ್ಸಿದೆ, ನನ್ನೊಬ್ಬನ್ನ ಬಿಟ್ಟೆ. ನಿನ್ನ ನಂಬ್ಕೊಂಡಿದ್ದೆ ಕಣಮ್ಮ. ಇನ್ಮೇಲೆ ಈ ಮನೆ ಮೆಟ್ಲು ಹತ್ಬೇಡ."

ಅವಳು ನಿನ್ನ ಪಕ್ಕ ನಿಂತಿದ್ದ ನನ್ನ ಕಡೆ ನೋಡಿದಳು. ಅವಳಿಗೆ ಎಲ್ಲ ನೆನಪಿತ್ತು. ನಾನು ಹೇಳಲೆಂದು ಕಾದಳು. ತಾನೇ ಟೇಪು ಹಿಡಿಯಬೇಕಿತ್ತು ಎಂದುಕೊಂಡಳೋ ಏನೋ, ಕಣ್ಣೊರೆಸಿಕೊಂಡು ಹೋದಳು. ನೀನು ನನ್ನ ಭುಜ ಹಿಡಿದು, "ನೀನೊಬ್ಬ ಇದ್ದೀಯಲ್ಲ, ಬಿಡು" ಎಂದೆ. ಆ ಕೈಯನ್ನು ತೆಗೆದುಹಾಕುವ ಯೋಗ್ಯತೆಯೂ ನನಗಿರಲಿಲ್ಲ.

ಎರಡು ವರ್ಷದಿಂದ ಅವಳು ತಿಂಗಳಿಗೊಮ್ಮೆ ಶುಗರ್ ನೋಡಲು ಬರುತ್ತಾಳೆ. ನೀನು ಬಾಗಿಲು ತೆಗೆಯುವುದಿಲ್ಲ. ನಿನ್ನೆ ನಿನ್ನ ಬಲಗಾಲಿನ ಹಿಮ್ಮಡಿಯಲ್ಲಿ ಬಿರುಕು ಬಿಟ್ಟು ಕೀವಾಗಿದ್ದನ್ನು ಕಂಡೆ. ನೋವೇ ಇಲ್ಲ ಕಣೋ ಎಂದು ನೀನು ನಕ್ಕೆ. ಇನ್ನೊಂದು ಸಲ ಸುಮ್ಮನಿರಲಾರೆ.

ಇದನ್ನು ಓದಿದ ಕೂಡಲೇ ಶೈಲಜಳನ್ನು ಕರೆಸು, ಆ ಕಾಲು ತೋರಿಸು. ಮಗ್ಗದ ಮನೆಯವರ ಮುಂದೆ ಇದನ್ನೆಲ್ಲ ನಾನೇ ಹೇಳುತ್ತೇನೆ. ಬಾಗಿಲು ಹಾಕಲೇಬೇಕಾದರೆ, ಗಂಗಾಧರ — ನನಗೆ ಹಾಕು.