ಹಿರೇಕೊಟ್ನೆಕಲ್‌ನಲ್ಲಿ ಕೂತ ಹಂಗಾಮಿ ಸಭೆ

ನಮ್ಮ ಅಧ್ಯಕ್ಷರು ಕುಸಿದದ್ದು ನನ್ನ ಕಣ್ಣೆದುರೇ. ರಾಯಚೂರಿನ ಆಸ್ಪತ್ರೆಯೊಂದರಲ್ಲಿ, ದೇವದುರ್ಗದ ಕಡೆಯ ಮುದುಕಿಯೊಬ್ಬಳಿಗೆ ಎಕ್ಸ್‌ರೇ ಕೋಣೆ ತೋರಿಸುತ್ತಿದ್ದರು. ಎತ್ತಿದ ಕೈ ಇಳಿಸಿದರು, ಗೋಡೆಗೆ ಒರಗಿದರು, ಕೂತರು. ನಾನು ನೋಡಿದ್ದು ಅಷ್ಟೇ. ಡಾಕ್ಟರು ಓಡಿ ಬಂದರೂ ಉಳಿಯಲಿಲ್ಲ. ಎಷ್ಟೋ ದಿನ ನನಗೆ ಅದೊಂದೇ ಕಾಣುತ್ತಿತ್ತು.

ನಮ್ಮದು ಸಣ್ಣ ಸಂಘ. ಹಳ್ಳಿಯಿಂದ ಬಂದ ರೋಗಿಗಳಿಗೆ ಚೀಟಿ ಮಾಡಿಸುತ್ತೇವೆ, ದಾರಿ ತೋರಿಸುತ್ತೇವೆ, ಒಬ್ಬರೇ ಬಂದವರ ಜೊತೆ ಕೂರುತ್ತೇವೆ. ದೇವದುರ್ಗ, ಮಾನ್ವಿಯವರು ರೋಗಿಯನ್ನು ಬಸ್ಸು ಹತ್ತಿಸಿ ಫೋನ್ ಮಾಡುತ್ತಾರೆ, ರಾಯಚೂರಿನವರು ಇಳಿಸಿಕೊಳ್ಳುತ್ತೇವೆ. ಆಸ್ಪತ್ರೆಯೊಳಗೆ ನಮಗೊಂದು ಮೇಜು ಇತ್ತು. ಅದರ ಅನುಮತಿ ಆ ತಿಂಗಳಿಗೆ ಮುಗಿಯುವುದಿತ್ತು. ಅಧ್ಯಕ್ಷರ ಸಹಿ ಇಲ್ಲದೆ ಮುಂದುವರಿಸಲಾಗದು ಎಂದು ಕಚೇರಿಯವರು ಹೇಳಿದರು. ಹಂಗಾಮಿ ಅಧ್ಯಕ್ಷರ ಆಯ್ಕೆ ಆಗಲೇಬೇಕಿತ್ತು. ಅದಕ್ಕೆ ಮೂರೂ ಊರಿನವರು ಸೇರಬೇಕೆಂಬುದು ನಮ್ಮ ನಿಯಮ.

ನಾನು ಕಾರ್ಯದರ್ಶಿ. ರಾಯಚೂರಿನವರೆಲ್ಲ ಕೂಡಿ ದಿನ ಗೊತ್ತುಮಾಡಿದೆವು. ‘ತೆರವಾದ ಸ್ಥಾನ ತುಂಬುವ ಕುರಿತು’ ಎಂದು ಸೂಚನೆ ಬರೆದು ಎಲ್ಲರ ಮೊಬೈಲಿಗೆ ಕಳಿಸಿದೆವು. ದೇವದುರ್ಗದವರು ಒಬ್ಬರೂ ಬರುವುದಿಲ್ಲ ಎಂದರು.

ಬಸ್ಸು ಹಿಡಿದು ಹೋದೆ. ಅಲ್ಲಿನ ಕೆಲಸ ನೋಡಿಕೊಳ್ಳುವ ಅಕ್ಕ ಅಂಗನವಾಡಿ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದರು. ನೀರು ಕೊಟ್ಟರು, ಕೂರು ಎನ್ನಲಿಲ್ಲ.

“ಆ ಯಪ್ಪನ ದಿನದ ಕಾರ್ಯ ಇನ್ನೂ ಆಗಿಲ್ಲ. ಅಷ್ಟರಾಗ ಕುರ್ಚಿಗೆ ಮಂದಿ ಹುಡುಕಾಕತ್ತೀರೇನು ತಮ್ಮಾ? ಅದೂ ಮೊಬೈಲಿನ್ಯಾಗ ಹಾಕಿ!”

ತೀರಿಕೊಂಡವರ ಹೆಸರಿನಲ್ಲಿ ಊಟ ಹಾಕುವ ಆ ದಿನ ಕಳೆಯುವ ಮುನ್ನ ಅವರ ಜಾಗದ ಮಾತೆತ್ತಬಾರದು. ಗೊತ್ತಿದ್ದೂ ಅನುಮತಿಯ ಗಾಬರಿಯಲ್ಲಿ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

“ತಪ್ಪಾತು ಅಕ್ಕಾ. ಆದ್ರ ಸಹಿ ಇಲ್ಲಂದ್ರ ಮೇಜು ಎತ್ತಿಸ್ತಾರ. ನೀವು ಬಸ್ಸಿಗೆ ಹತ್ತಿಸಿದವ್ರು ಅಲ್ಲಿ ಇಳಿದು ಯಾರನ್ನ ಕೇಳಬೇಕು?”

ಅಕ್ಕ ಚಾಪೆ ಹಾಸಿ ಕೂರು ಎಂದರು.

“ದಿನದ ಕಾರ್ಯಕ್ಕ ಎಲ್ಲಾರೂ ಹಿರೇಕೊಟ್ನೆಕಲ್‌ನ್ಯಾಗ ಅಧ್ಯಕ್ಷರ ಮನಿಗೆ ಹೋಗವ್ರ ಅದೀವಿ. ಉಂಡ ಮ್ಯಾಲ ಅಲ್ಲೇ ಕುಂದ್ರೋಣ. ಆದ್ರ ಆ ಯವ್ವ ಹ್ಞೂಂ ಅನ್ನಬೇಕು.”

“ನೀವ ಕೇಳ್ರಿ ಅಕ್ಕಾ.”

“ನೋಟೀಸು ಕಳಸಾಕ ಧೈರ್ಯ ಇತ್ತು, ಕೇಳಾಕ ಇಲ್ಲೇನು?”

ನಾನೇ ಹೋಗಿ ಕೇಳಿದೆ. ಅಧ್ಯಕ್ಷರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇಷ್ಟು ವರ್ಷ ನಿಮ್ಮ ಸಭಾಕ್ಕ ಚಾ ಕಾಸಿ ಕಾಸಿ ಕೊಟ್ಟೀನಿ. ಒಳಗ ಏನು ಮಾತಾಡ್ತೀರಿ ಅಂತ ಒಂದಿನಾನೂ ಕೇಳಿಲ್ಲ. ಈ ಸಲ ನಾನೂ ಕುಂದ್ರಾಕಿ. ಚಾ ನೀವು ಮಾಡ್ರಿ.”

ದಿನದ ಕಾರ್ಯ ಮುಗಿದು ಊಟವಾದ ಮೇಲೆ ಪಡಸಾಲೆಯಲ್ಲಿ ಜಮಖಾನ ಹಾಸಿ ಕೂತೆವು. ಮೂರೂ ಊರಿನವರು ಬಂದಿದ್ದರು. ಮಾನ್ವಿಯ ಗಂಡಸರು ಮಾಡಿದ ಚಹಾ ಬರೀ ಸಕ್ಕರೆ ನೀರಾಗಿತ್ತು; ಯಾರೂ ಬಿಡಲಿಲ್ಲ. ಅವರಲ್ಲೇ ಹಿರಿಯರೊಬ್ಬರು ದೇವದುರ್ಗದ ಅಕ್ಕನ ಹೆಸರು ಹೇಳಿದರು. ಸಂಘ ಶುರುವಾದಾಗಿನಿಂದ ದೇವದುರ್ಗದವರು ಯಾರೂ ಅಧ್ಯಕ್ಷರಾಗಿರಲಿಲ್ಲ.

“ಯಪ್ಪಾ, ನನಗ ಭಾಷಣ ಬರಂಗಿಲ್ಲ” ಎಂದರು ಅಕ್ಕ.

“ಅವರಿಗೂ ಬರ್ತಿರಲಿಲ್ಲ ಬಿಡವಾ” ಎಂದರು ಅಧ್ಯಕ್ಷರ ಹೆಂಡತಿ, “ಮನ್ಯಾಗ ಅಷ್ಟ ಮಾಡ್ತಿದ್ರು.”

ಆ ಮನೆಯಲ್ಲಿ ಅವತ್ತು ಮೊದಲ ಸಲ ನಗು ಕೇಳಿಸಿತು. ಒಂದೂ ಕೈ ವಿರುದ್ಧ ಏಳಲಿಲ್ಲ. ದೊಡ್ಡ ದೊಡ್ಡ ಸಂಸ್ಥೆಗಳು ಅಧ್ಯಕ್ಷ ಸ್ಥಾನಕ್ಕಾಗಿ ಎರಡು ಹೋಳಾದದ್ದನ್ನು ನೋಡಿದ್ದೇನೆ. ನಮ್ಮದು ಒಂದು ಪಡಸಾಲೆಯಲ್ಲಿ ಒಂದಾಗಿಯೇ ಉಳಿಯಿತು. ಅದನ್ನು ನೋಡಿದವರಲ್ಲಿ ನಾನೊಬ್ಬನೆಂಬುದು ನನಗೆ ಹೆಮ್ಮೆ.

ಅಕ್ಕ ಅನುಮತಿ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಸಹಿ ಹಾಕಿದರು. ಆಮೇಲೆ ತಲೆ ಎತ್ತಿ, “ನಾಳಿ ಮುಂಜಾನಿ ಮೇಜಿಗೆ ಯಾರು ಕುಂದ್ರವ್ರು?” ಎಂದರು.

ಎಲ್ಲರೂ ಕೈ ಎತ್ತಿದರು.

“ಇಷ್ಟು ಮಂದಿ ಬಂದ್ರ ರೋಗಿಗಳು ಹೆದರಿ ಓಡಿ ಹೋಗ್ತಾರ. ಇಬ್ಬರು ಸಾಕು” ಎಂದರು, ಹಂಗಾಮಿ ಅಧ್ಯಕ್ಷೆ.