‘ಉಳಿದ ತೊಂದರೆ ಏನೂ ಇಲ್ಲ’

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಎದ್ದು ಹೋಗುತ್ತಿದ್ದೆ. ಹಾಗಾಗಿ ನೀವು ನನ್ನನ್ನು ನಂಬದಿದ್ದರೆ ಬೇಸರವಿಲ್ಲ. ಆದರೆ ಇದರಲ್ಲಿ ಅರ್ಧ ಭಾಗ ವಿಚಿತ್ರವೇನಲ್ಲ, ಬರೀ ಅನ್ಯಾಯ. ಅಷ್ಟನ್ನಾದರೂ ನಂಬಿ.

ಹೆಬ್ಬಾಳದ ಹತ್ತಿರ ಒಂದು ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ನಾನು ಮೆಡಿಕಲ್ ಕೋಡರ್. ಡಾಕ್ಟರು ಫೈಲಿನಲ್ಲಿ ಬರೆದ ಕಾಯಿಲೆಗೆ ತಕ್ಕ ಕೋಡ್ ಹಾಕುವುದು ನನ್ನ ಕೆಲಸ. ಅದನ್ನು ನೋಡಿಯೇ ವಿಮೆಯವರು ಚಿಕಿತ್ಸೆ ಮುಂದುವರಿಸಲು ಒಪ್ಪುತ್ತಾರೆ. ಪಾರ್ಶ್ವವಾಯು ಹೊಡೆದ ಮೇಲೆ ಕೈಕಾಲಿನದೋ ಮಾತಿನದೋ ತೊಂದರೆ ಉಳಿದುಕೊಂಡಿದ್ದರೆ ಒಂದು ಕೋಡ್. ಏನೂ ಉಳಿಯದೆ ವಾಸಿಯಾಗಿದ್ದರೆ ಬೇರೆ ಕೋಡ್.

ಕಳೆದ ವರ್ಷ ಮುನಿರತ್ನಮ್ಮ ಎಂಬವರ ಫೈಲು ಬಂತು. ಅಟ್ಟೂರಿನವರು, ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವರು. ಬಲಗೈ ಏಳುವುದಿಲ್ಲ, ಮಾತು ಬರುವುದಿಲ್ಲ ಎಂದು ಫಿಸಿಯೋಥೆರಪಿಯವರು ಬರೆದಿದ್ದರು. ಡಾಕ್ಟರು ಮಾತ್ರ ‘ಹಿಂದೆ ಪಾರ್ಶ್ವವಾಯು ಆಗಿತ್ತು, ಉಳಿದ ತೊಂದರೆ ಏನೂ ಇಲ್ಲ’ ಎಂದಿದ್ದರು. ಆರು ಭೇಟಿಗೂ ಅದೇ ಸಾಲು, ಅದೇ ಸ್ಪೆಲಿಂಗ್ ತಪ್ಪಿನೊಂದಿಗೆ. ಮೊದಲ ದಿನದ್ದನ್ನೇ ಕಾಪಿ ಮಾಡಿ ಅಂಟಿಸುತ್ತಾ ಬಂದಿದ್ದರು. ಕೈ ಎತ್ತಿ ನೋಡೋಣ ಎಂದು ಆ ಹೆಂಗಸಿಗೆ ಒಮ್ಮೆ ಹೇಳುವಷ್ಟೂ ಪುರುಸೊತ್ತಿರಲಿಲ್ಲವೇ?

ಟೀಮ್ ಲೀಡ್ ಮಂಜುನಾಥ್‌ಗೆ ತೋರಿಸಿದೆ. “ಡಾಕ್ಟರ್ ಏನ್ ಬರ್ದಿದಾರೋ ಅದಕ್ಕೇ ಕೋಡ್ ಹಾಕ್ಬೇಕು ಮೇಡಂ. ಫಿಸಿಯೋದವ್ರು ಬರ್ದಿದ್ದು ಲೆಕ್ಕಕ್ಕಿಲ್ಲ. ನಾವೇನ್ ಪೇಷಂಟ್ ನೋಡಿದೀವಾ?” ಎಂದರು. ನಿಯಮ ಇರುವುದೇ ಹಾಗೆ. ಹಲ್ಲು ಕಚ್ಚಿಕೊಂಡು ಕೋಡ್ ಹಾಕಲು ಕುಳಿತೆ.

ಮಧ್ಯಾಹ್ನ ಮೂರು ಗಂಟೆಯಿರಬೇಕು. ಮೇಜಿನ ಮೇಲಿನ ಫೋನ್ ರಿಂಗಾಯಿತು. ಆಸ್ಪತ್ರೆಯೊಳಗಿನ ಕರೆಗಳು ಮಾತ್ರ ಬರುವ ಫೋನು ಅದು.

“ಇಂಗ್ ಬರೀಬೇಡ ಕಣಮ್ಮ,” ಎಂದಿತು ಹೆಂಗಸಿನ ದಪ್ಪ ದನಿ. “ಏನೂ ಇಲ್ಲ ಅಂತ ಎಂಗ್ ಬರೀತೀಯ? ತುತ್ತು ಎತ್ತಕ್ಕಾಗಲ್ಲ ನಂಗೆ. ಮಗಳ ಎಸ್ರು ಕರಿಯಕ್ಕಾಗಲ್ಲ.”

ಯಾರು ಎಂದು ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಆಪರೇಟರನ್ನು ವಿಚಾರಿಸಿದರೆ ನಿಮ್ಮ ಮೇಜಿಗೆ ಯಾವ ಕರೆಯೂ ಬಂದಿಲ್ಲ ಎಂದಳು. ಯಾರೋ ಸಂಬಂಧಿಕರು ಮುನಿರತ್ನಮ್ಮನ ಪರವಾಗಿ ಫಿಸಿಯೋಥೆರಪಿ ರೂಮಿನಿಂದ ಮಾಡಿರಬೇಕು ಎಂದುಕೊಂಡೆ. ಆ ದನಿ ಕೇಳಿದ ಮೇಲೆ ಮಾತ್ರ ಸುಮ್ಮನಿರಲಾಗಲಿಲ್ಲ. ಫೈಲು ಹಿಡಿದು ನೇರ ಡಾಕ್ಟರ ಹತ್ತಿರ ಹೋದೆ.

“ದಿನಕ್ಕೆ ಎಷ್ಟ್ ಜನ ಬರ್ತಾರೆ ಗೊತ್ತೇನ್ರೀ ನಿಮ್ಗೆ?” ಎಂದು ಸಿಡುಕಿದರು.

“ಎಷ್ಟಾದ್ರೂ ಬರ್ಲಿ ಸಾರ್. ಇವ್ರ ಕೈ ಒಂದ್ಸಲ ಎತ್ಸಿ ನೋಡಿ,” ಎಂದು ಅಲ್ಲೇ ನಿಂತೆ.

ಕೊನೆಗೆ ಮುನಿರತ್ನಮ್ಮನನ್ನು ಕರೆಸಿ ಪರೀಕ್ಷಿಸಿದರು. ಬಲಗೈ ಮಡಿಲಿನಿಂದ ಮೇಲೇಳಲಿಲ್ಲವಂತೆ. ಡಾಕ್ಟರು ತಿದ್ದಿ ಬರೆದರು, ನಾನು ಸರಿಯಾದ ಕೋಡ್ ಹಾಕಿದೆ.

ಮರುವಾರ ವಿಮೆಯವರಿಗೆ ಕೊಡಬೇಕಾದ ತಿದ್ದಿದ ವರದಿ ಪಡೆಯಲು ಮಗಳು ಶಾರದಾ, ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಮ್ಮ ಕೌಂಟರಿಗೆ ಬಂದಳು. ಫೈಲಿನಲ್ಲಿ ಮೊದಲು ಏನು ಬರೆದಿತ್ತೆಂದು ತಿಳಿದು ಬಂದಿದ್ದ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಏನೂ ಇಲ್ಲ ಅಂತ ಬರ್ದಿದ್ರಲ್ಲ ಮೇಡಂ, ಮುಂಚೆ ನಮ್ಮಮ್ಮ ಎಂಗ್ ಮಾತಾಡ್ತಿದ್ರು ಕೇಳಿ,” ಎಂದು ಮೊಬೈಲಿನಲ್ಲಿದ್ದ ಹಳೆಯ ವಾಯ್ಸ್ ಮೆಸೇಜ್ ಹಾಕಿದಳು.

“ಶಾರ್ದಾ, ಅವರೆಕಾಯಿ ಬಿಡ್ಸಿ ಇಟ್ಟಿವ್ನಿ. ಬರ್ತಾ ಅಂಗೇ ಕೊತ್ತಂಬ್ರಿ ತತ್ತಾ.”

ನನಗೆ ಬಂದ ಫೋನಿನ ದನಿಯೇ. ಅದೇ ದಪ್ಪ. ಮುನಿರತ್ನಮ್ಮ ಎವೆಯಿಕ್ಕದೆ ನನ್ನನ್ನೇ ನೋಡುತ್ತಿದ್ದರು.

“ಅಮ್ಮ ಇತ್ತೀಚೆಗೆ ಇಲ್ಲಿಗೇನಾದ್ರೂ ಫೋನ್ ಮಾಡಿದ್ರಾ?” ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

ಶಾರದಾಳ ಕಣ್ಣು ತುಂಬಿತು. “ಮಾತೇ ಬರಲ್ಲ ಅಂತ ಎಷ್ಟ್ ಸಲ ಹೇಳ್ಬೇಕು ಮೇಡಂ? ಒಂದಕ್ಷರ ಆಡಿ ಒಂದು ವರ್ಷ ಆಯ್ತು. ನೀವೂ ನಂಬಲ್ವಾ?”

“ನಂಬ್ತೀನಮ್ಮ,” ಎಂದೆ. ಯಾವುದನ್ನು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಇವತ್ತಿಗೂ ಗೊತ್ತಿಲ್ಲ.